ಅಪ್ಪನ ನಿದ್ದೆಗೊಂದು ಬ್ಯಾಟರಿ

“ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದವನ ಕೈಗೆ ಮಾವನ ಉಸಿರು ಒಪ್ಪಿಸಿದ್ನಲ್ಲ, ತಪ್ಪು ನಂದೇ ಬಿಡಿ,” ಎಂದು ಭಾವ ಅಂಗಳದ ಮಧ್ಯೆ ನಿಂತು ಹೇಳಿದ.

ನನಗೆ ಹೇಳಿದ್ದಲ್ಲ. ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದ್ದ ಪಕ್ಕದ ಮನೆಯ ದರ್ಜಿಗೆ ಹೇಳಿದ್ದು. ಹಲ್ಲುಜ್ಜುತ್ತ ಗೇಟಿಗೆ ಒರಗಿದ್ದ ಎದುರುಮನೆಯ ಟೀಚರಮ್ಮನಿಗೆ ಹೇಳಿದ್ದು. ನಾನು ಆಗ ವ್ಯಾನಿನ ಹಿಂಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬಗ್ಗಿದ್ದೆ. ಬೈಯುವವನು ಮುಖ ನೋಡಿ ಬೈಯಬೇಕು. ಈ ಮನುಷ್ಯ ನನ್ನ ಬೆನ್ನಿಗೆ, ಬೆನ್ನಿಗಿಂತ ಒಂದು ಗೇಣು ಕೆಳಗೆ ಬೈಯುತ್ತಿದ್ದ.

ಟಾರ್ಚ್ ತೆಗೆದೆ. “ಭಾವ, ನನ್ನ ಮುಖ ಈ ಕಡೆ ಇದೆ.”

“ಇಷ್ಟೆಲ್ಲ ಆದ್ಮೇಲೂ ತೋರಿಸೋಕೆ ಮುಖ ಇದೆಯಲ್ಲ, ಅದೇ ದೊಡ್ಡದು.”

ದರ್ಜಿ ಕಿಸಕ್ಕನೆ ನಕ್ಕ. ಟೀಚರಮ್ಮ ನಗಲಿಲ್ಲ, ಬಾಯಲ್ಲಿ ನೊರೆ ತುಂಬಿತ್ತು. ಆದರೆ ಉಗುಳಿ ಬಂದು ಮತ್ತೆ ಅದೇ ಜಾಗಕ್ಕೆ ನಿಂತಳು. ನನ್ನ ಮೈಯೆಲ್ಲ ಉರಿಯಿತು. ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಕೆಳಗಿಟ್ಟೆ, ಇಟ್ಟದ್ದು ಒಳ್ಳೆಯದಾಯಿತು.

ಆಗಿದ್ದು ಇಷ್ಟು. ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಗೊರಕೆ ಹೊಡೆಯುತ್ತ ಹೊಡೆಯುತ್ತ ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಆಮೇಲೆ ನೀರಿನಿಂದ ಎದ್ದವನ ಹಾಗೆ ಎದ್ದು ಕೂತು ಗಾಳಿ ಎಳೆದುಕೊಳ್ಳುತ್ತಾನೆ. ಡಾಕ್ಟರು ಒಂದು ಮಿಷನ್ ಕೊಟ್ಟಿದ್ದಾರೆ. ಮೂಗಿಗೆ ಮುಸುಕು, ಅದಕ್ಕೊಂದು ಕೊಳವೆ, ರಾತ್ರಿಯಿಡೀ ಗಾಳಿ ಊದುತ್ತದೆ. ಅದು ಬಂದ ಮೇಲೆ ಅಪ್ಪ ಚೆನ್ನಾಗಿ ಮಲಗುತ್ತಾನೆ. ಆದರೆ ಗೋಡೆಯಲ್ಲಿ ಪ್ಲಗ್ ಇಲ್ಲದ ಕಡೆ ಒಂದು ರಾತ್ರಿಯೂ ಮಲಗುವ ಹಾಗಿಲ್ಲ. ಹೀಗಾಗಿ ಮಕ್ಕಳಿಗೆ ರಜೆ ಬಂದಾಗಲೆಲ್ಲ ಅಕ್ಕ, ಭಾವ, ಮಕ್ಕಳು ಟೆಂಟ್ ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗುತ್ತಾರೆ, ಅಪ್ಪ ಗೇಟಿನ ತನಕ ಬಂದು ಕೈ ಬೀಸುತ್ತಾನೆ. ಆ ಕೆರೆಯನ್ನು ಅವರಿಗೆ ತೋರಿಸಿದವನೇ ಅಪ್ಪ. ಅಲ್ಲಿ ಯಾವ ಮರದ ಕೆಳಗೆ ಗಾಳಿ ಕಡಿಮೆ, ಎಲ್ಲಿ ನೀರು ಆಳ, ಎಲ್ಲ ಅವನಿಗೆ ಗೊತ್ತು.

ಭಾವ ಹಳೆಯ ವ್ಯಾನ್ ತಂದಾಗ ನಾನೇ ಬಾಯಿಬಿಟ್ಟೆ: ಇನ್ನೊಂದು ಬ್ಯಾಟರಿ ಕೂರಿಸೋಣ, ವ್ಯಾನ್ ಓಡುವಾಗ ಅದು ತುಂಬಿಕೊಳ್ಳಲಿ, ರಾತ್ರಿ ಅಪ್ಪನ ಮಿಷನ್ ಅದರಿಂದ ನಡೆಯಲಿ. ಅಪ್ಪ ಆ ದಿನ ಊಟದ ತಟ್ಟೆಯ ಮುಂದೆ ಕೂತವನು ಅನ್ನ ಕಲೆಸುವುದನ್ನೇ ಬಿಟ್ಟು ನನ್ನ ಮುಖ ನೋಡಿದ್ದ. ಅಕ್ಕ ಮಾತ್ರ ಷರತ್ತು ಹಾಕಿದಳು. “ಅಂಗಳದಲ್ಲೇ ವ್ಯಾನೊಳಗೆ ಎರಡು ರಾತ್ರಿ ಮಲಗಿ ನೋಡ್ಲಿ. ಸರಿ ಹೋದ್ರೆ ಬರ್ಲಿ. ಕೆರೆ ಹತ್ರ ಆಸ್ಪತ್ರೆ ಇಲ್ಲ, ಏನೂ ಇಲ್ಲ, ಏನಾದ್ರೂ ಆದ್ರೆ ಯಾರ್ ನೋಡ್ತಾರೆ?”

ಮೊದಲ ರಾತ್ರಿ ಹೂವಿನ ಹಾಗೆ ನಡೆಯಿತು. ಅಪ್ಪ ಬೆಳಗ್ಗೆ ಎದ್ದು, ಮುಸುಕಿನ ಗೆರೆ ಕೆನ್ನೆಯ ಮೇಲೆ ಹಾಗೇ ಇರುವಾಗಲೇ, ದರ್ಜಿಯನ್ನು ಕರೆದು ಬ್ಯಾಟರಿ ಪೆಟ್ಟಿಗೆ ತೋರಿಸಿದ. ಆಮೇಲೆ ಬ್ಯಾಟರಿ ತುಂಬಬೇಕಲ್ಲ ಅಂತ ಇಡೀ ದಿನ ವ್ಯಾನ್ ಓಡಿಸಿದ. ತರಕಾರಿಗೆ ಹೋದ, ಔಷಧಿ ಅಂಗಡಿಗೆ ಹೋದ, ಯಾರಿಗೋ ಕುರ್ಚಿ ಸಾಗಿಸಿಕೊಟ್ಟ. ಮೂವತ್ತು ವರ್ಷ ಬಸ್ ಓಡಿಸಿದವನಿಗೆ ಓಡಿಸು ಅಂತ ಹೇಳಿದರೆ ಕೇಳಬೇಕೇ?

ಎರಡನೇ ರಾತ್ರಿ ಅರ್ಧದಲ್ಲೇ ಮಿಷನ್ ನಿಂತುಹೋಯಿತು. ಅಪ್ಪ ಮುಸುಕು ಕಿತ್ತು, ಬಾಗಿಲು ಬಡಿದು, ಏದುಸಿರು ಬಿಡುತ್ತ ಹೊರಗೆ ಬಿದ್ದ. ಅಕ್ಕ ಎದೆ ಹೊಡೆದುಕೊಂಡು ಮಹಡಿಯಿಂದ ಓಡಿಬಂದಳಂತೆ. ನಾನು ಕೆಲಸ ಮಾಡುವ ಗಾಡಿ ರಿಪೇರಿ ಷೆಡ್ಡಿನಲ್ಲೇ ಮಲಗಿದ್ದೆ, ಬೆಳಗ್ಗೆ ಮನೆಗೆ ಬಂದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಭಾವ, ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವನು, ಫೋನಿನಲ್ಲಿ ಯಾವನೋ ಗಡ್ಡದವನ ವಿಡಿಯೋ ನೋಡಿಕೊಂಡು ವ್ಯಾನಿನಲ್ಲಿ ಇದ್ದಬದ್ದ ಸ್ವಿಚ್ಚನ್ನೆಲ್ಲ ಒತ್ತಿ, ತಿರುಗಿಸಿ, ಎರಡು ಫ್ಯೂಸ್ ಕಿತ್ತು, ಅದಲುಬದಲು ಹಾಕಿ ಕೂತಿದ್ದ. ಕಳ್ಳ ಬಂದುಹೋದ ಮನೆಯನ್ನು ಪೊಲೀಸು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ಏನು ಎಲ್ಲಿ ಹೇಗಿತ್ತು ಅಂತ ನಾನು ಯಾರನ್ನು ಕೇಳಲಿ?

“ಡಿಸ್‌ಪ್ಲೇ ಮೀಟರ್ ಹಾಕು ಅಂತ ಬಡ್ಕೊಂಡೆ,” ಎಂದು ಭಾವ ಈಗ ಟೀಚರಮ್ಮನಿಗೆ ವಿವರಿಸುತ್ತಿದ್ದ. “ಬ್ಯಾಟರಿಯಲ್ಲಿ ಎಷ್ಟಿದೆ ಅಂತ ನಂಬರ್ ತೋರಿಸುತ್ತೆ. ಇವನು ಕೇಳಿದ್ನಾ? ವ್ಯಾನಿಗ್ಯಾಕೆ ಟೀವಿ ಅಂದ.”

ಅಂದಿದ್ದೆ, ನಿಜ. ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಅಕ್ಕ ಮೆಟ್ಟಿಲ ಮೇಲೆ ಅಪ್ಪನ ಪಕ್ಕದಲ್ಲಿ ಕೂತಿದ್ದಳು. “ಅಪ್ಪಾ, ನಿಜ ಹೇಳು. ನೀನೇನಾದ್ರೂ ಮುಟ್ಟಿದ್ಯಾ?”

“ನಾನ್ಯಾಕಮ್ಮ ಮುಟ್ಲಿ? ಇವನ ಕೆಲಸಕ್ಕೆ ನಾನು ಕೈ ಹಾಕ್ತೀನಾ?”

“ಮೊನ್ನೆ ನೀನು ನಲ್ಲಿ ತೆರೆದಿಟ್ಟು ಹೋಗಿದ್ದೆ. ಅದಕ್ಕೆ ಮುಂಚೆ ಗ್ಯಾಸು. ಅದಕ್ಕೇ ಕೇಳ್ದೆ.” ಅಪ್ಪ ತಲೆ ತಗ್ಗಿಸಿದ. ಅಕ್ಕ ನನ್ನ ಕಡೆ ತಿರುಗಿದಳು. “ನೋಡು, ನಾಳೆ ಬೆಳಗ್ಗೆ ಹೊರಡೋದು. ಸಂಜೆಯೊಳಗೆ ಸರಿ ಮಾಡು. ಸುಮ್ನೆ ‘ಸರಿಯಾಯ್ತು’ ಅಂದ್ರೆ ಒಪ್ಪಲ್ಲ. ಏನಾಗಿತ್ತು, ಯಾಕಾಗಿತ್ತು, ಅದು ಗೊತ್ತಾಗ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಅಪ್ಪ ಇಲ್ಲೇ ಇರ್ತಾನೆ, ನೀನಿದ್ದೀಯಲ್ಲ ಜೊತೆಗೆ.”

ಬೈದವಳಲ್ಲ ಅವಳು. ಹೆದರಿದವಳು. ಹೆದರಿದವರ ಜೊತೆ ಜಗಳವಾಡುವುದು ಬೈಯುವವರ ಜೊತೆ ಆಡುವುದಕ್ಕಿಂತ ಕಷ್ಟ.

ವ್ಯಾನನ್ನು ಬೀದಿಯ ತುದಿಯಲ್ಲಿರುವ ಷೆಡ್ಡಿಗೆ ತಂದೆ. ಅಪ್ಪ ಹಿಂದೆಯೇ ನಡೆದುಕೊಂಡು ಬಂದು ಟೈರಿನ ಮೇಲೆ ಕೂತ. ನಾನು ಸೀಟು ಬಿಚ್ಚಿದೆ, ನೆಲದ ಮ್ಯಾಟು ಕಿತ್ತೆ. ಮುಂದಿನ ಬ್ಯಾಟರಿಯಿಂದ ಹಿಂದಿನ ಬ್ಯಾಟರಿಗೆ ಹೋಗುವ ಹೆಬ್ಬೆರಳು ದಪ್ಪದ ಕೆಂಪು ಕೇಬಲನ್ನು ಅಂಗೈಯಲ್ಲಿ ಸವರುತ್ತ ಉದ್ದಕ್ಕೂ ತೆವಳಿದೆ. ಎಲ್ಲೂ ಸಿಪ್ಪೆ ಎದ್ದಿಲ್ಲ, ಎಲ್ಲೂ ಬಿಸಿಯಾಗಿಲ್ಲ. ಎರಡೂ ಕಡೆಯ ಫ್ಯೂಸು ಸರಿ ಇದೆ. ವ್ಯಾನಿನ ಮೈಗೆ ಅರ್ತಿಂಗ್ ಕೊಟ್ಟ ಜಾಗದಲ್ಲಿ ನಾನೇ ಬಣ್ಣ ಕೆರೆದು ತಗಡು ತೋರಿಸಿದ್ದೆ, ಈಗಲೂ ಫಳಫಳ. ನಟ್ಟುಗಳನ್ನೆಲ್ಲ ತಿರುಗಿಸಿ ನೋಡಿದೆ; ಒಂದಾದರೂ ಅಲ್ಲಾಡಬೇಕೇ! ನಾನು ಬಿಗಿದ ನಟ್ಟು ಬಿಚ್ಚಲು ಇನ್ನೊಬ್ಬ ಬರಬೇಕು, ಅದೂ ಊಟ ಮಾಡಿಕೊಂಡು ಬರಬೇಕು. ಇಂಜಿನ್ ಸ್ಟಾರ್ಟ್ ಆದಾಗ ಎರಡು ಬ್ಯಾಟರಿಗಳನ್ನು ಸೇರಿಸುವ ರಿಲೇ ‘ಟಕ್’ ಅಂತ ಬಾಯಿ ಮುಚ್ಚಿಕೊಳ್ಳುತ್ತಿದೆ, ಇಂಜಿನ್ ನಿಂತಾಗ ‘ಟಕ್’ ಅಂತ ಬಿಡುತ್ತಿದೆ. ನನ್ನ ಕೈಮೀಟರಿನ ಮುಳ್ಳು ಚಾರ್ಜ್ ಆಗುತ್ತಿದೆ ಅನ್ನುತ್ತಿದೆ.

ಎಲ್ಲವೂ ಸರಿ ಇತ್ತು. ಅದೇ ಕೆಟ್ಟದ್ದು. ತಪ್ಪು ಇದ್ದರೆ ಹಿಡಿದು ಕತ್ತು ಹಿಸುಕಬಹುದು. ತಪ್ಪೇ ಇಲ್ಲದ ವೈರಿಂಗಿಗೆ ಏನು ಮಾಡುವುದು?

ಷೆಡ್ಡಿನ ಮೇಸ್ತ್ರಿ ಬಂದ, ಬಗ್ಗಿ ನೋಡಿದ. “ಬ್ಯಾಟರಿನೇ ಡಬ್ಬ ಇರ್ಬೇಕು ಕಣೋ.”

“ಡಬ್ಬ ಅಲ್ಲ. ಬೆಳಗ್ಗೆ ಒಂದು ಸಲ ತುಂಬಿಸಿ, ಲೋಡ್ ಹಾಕಿ ನೋಡ್ದೆ.”

“ಹಾಗಾದ್ರೆ ನಿನ್ನ ತಲೇನೇ ಡಬ್ಬ,” ಎಂದು ಹೇಳಿ, ಅದರಲ್ಲೇ ಅರ್ಧ ದಿನದ ಕೆಲಸ ಮುಗಿಸಿದವನ ಹಾಗೆ ಟೀ ಕುಡಿಯಲು ಹೋದ.

ಭಾವ ನಡುನಡುವೆ ಫೋನ್ ಮಾಡುತ್ತಿದ್ದ. “ವಿಡಿಯೋದಲ್ಲಿ ಕೇಬಲ್ ಇನ್ನೂ ದಪ್ಪ ಇರ್ಬೇಕು ಅಂತಾನೆ.” ಸ್ವಲ್ಪ ಹೊತ್ತಿಗೆ ಮತ್ತೆ: “ಇನ್ನೊಬ್ಬ ತೆಳ್ಳಗಿರ್ಬೇಕು ಅಂತಾನೆ.” ಮೂರನೇ ಸಲ ಫೋನನ್ನು ನಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಅದು ಒಳಗೇ ಗುಂಯ್‌ಗುಟ್ಟುತ್ತಿತ್ತು, ಥೇಟ್ ಭಾವನ ಹಾಗೆ.

ಅಪ್ಪ ಟೈರಿನ ಮೇಲಿಂದ ಏಳಲೇ ಇಲ್ಲ. ಊಟಕ್ಕೆ ಹೋಗು ಅಂದರೆ ಹಸಿವಿಲ್ಲ ಅಂದ. ಒಂದು ಸಲ ಮಾತ್ರ ಕೇಳಿದ: “ಆಗುತ್ತಾ?”

“ಬಾಯ್ಮುಚ್ಕೊಂಡು ಕೂತ್ರೆ ಆಗುತ್ತೆ,” ಅಂದೆ. ಆಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. “ನಡಿ, ಓಡಿಸ್ತಾ ನೋಡೋಣ. ನೀನು ಓಡ್ಸು, ನಾನು ಹಿಂದೆ ಮೀಟರ್ ಹಿಡ್ಕೊಂಡು ಕೂರ್ತೀನಿ. ನಿನ್ನೆ ಹೇಗೆ ಓಡಿಸ್ದೆಯೋ ಹಾಗೇ ಓಡ್ಸು.”

ಅಪ್ಪ ಕೂತ ರೀತಿಯೇ ಬೇರೆ. ಸೀಟಿಗೆ ಬೆನ್ನು ತಾಗಿದ ಕೂಡಲೇ ವಯಸ್ಸು ಇಳಿಯುತ್ತದೆ. ಕನ್ನಡಿ ಸರಿಪಡಿಸಿದ, ಗೇರ್ ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಹಿಂದೆ ಬ್ಯಾಟರಿಯ ಪೆಟ್ಟಿಗೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಮುಳ್ಳು ಮೇಲೆ ನಿಂತಿತ್ತು, ಬ್ಯಾಟರಿ ತುಂಬುತ್ತಿತ್ತು. ತರಕಾರಿ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದ. “ನಿನ್ನೆ ಇಲ್ಲಿ ಇಳಿದಿದ್ದೆ,” ಎಂದು ಇಳಿದು, ಅಂಗಡಿಯವನ ಹತ್ತಿರ ಮಾತಾಡಿ, ಸುಮ್ಮನೆ ವಾಪಸ್ ಬಂದು ಹತ್ತಿದ. ಸ್ಟಾರ್ಟ್ ಮಾಡಿದ. ರಿಲೇ ‘ಟಕ್’ ಅಂದಿತು. ಆದರೆ ಮುಳ್ಳು ಏಳಲಿಲ್ಲ.

ಮೀಟರನ್ನು ಬಡಿದೆ. ಏಳಲಿಲ್ಲ. ವ್ಯಾನು ಓಡುತ್ತಲೇ ಇದೆ, ಇಂಜಿನ್ ಚೆನ್ನಾಗಿದೆ, ಹಿಂದಿನ ಬ್ಯಾಟರಿಗೆ ಮಾತ್ರ ಒಂದು ಹನಿಯೂ ಬರುತ್ತಿಲ್ಲ. “ನಿಲ್ಸಬೇಡ, ನಿಲ್ಸಬೇಡ, ಓಡಿಸ್ತಾ ಇರು!” ಎಂದು ಕೂಗುತ್ತ ಕೇಬಲ್ ಹಿಡಿದು ಮುಂದಕ್ಕೆ ತೆವಳಿದೆ. ಮೊಣಕೈ ತರಚಿತು. ಡ್ರೈವರ್ ಸೀಟಿನ ಪಕ್ಕ, ಬಾಗಿಲ ಕಡೆ, ನೆಲಕ್ಕೆ ಕೂರಿಸಿದ್ದ ಕೆಂಪು ಕಟಾಫ್ ಕೀಲಿ ಅಡ್ಡ ತಿರುಗಿತ್ತು. ಆಫ್.

ಅದನ್ನು ಇಟ್ಟವನು ನಾನೇ. ಹೊಗೆ ಗಿಗೆ ಬಂದರೆ ಒಂದೇ ತಿರುವಿಗೆ ಎರಡು ಬ್ಯಾಟರಿಗಳ ನಂಟು ಕಡಿಯಲಿ ಅಂತ. ಎಲ್ಲಿಡಲಿ ಅಂತ ಯೋಚಿಸಿ, ಅಪ್ಪನ ಕೈಗೆ ಹುಡುಕದೆ ಸಿಗಲಿ ಅಂತ, ಬಸ್ಸಿನಲ್ಲಿ ಇರುತ್ತಿದ್ದ ಜಾಗದಲ್ಲೇ ಇಟ್ಟಿದ್ದೆ.

ಕೀಲಿ ತಿರುಗಿಸಿದೆ. ಹಿಂದೆ ಹೋಗಿ ನೋಡಿದರೆ ಮುಳ್ಳು ಎದ್ದಿತ್ತು. “ಔಷಧಿ ಅಂಗಡಿ ಹತ್ರ ನಿಲ್ಸು,” ಅಂದೆ. ಈ ಸಲ ಮೀಟರ್ ನೋಡಲಿಲ್ಲ. ಸೀಟುಗಳ ಸಂದಿಯಿಂದ ಅಪ್ಪನ ಕೈ ನೋಡಿದೆ.

ವ್ಯಾನು ನಿಂತಿತು. ಒಂದು ಕೈ ಹ್ಯಾಂಡ್‌ಬ್ರೇಕ್ ಎಳೆಯಿತು. ಇನ್ನೊಂದು ಕೈ, ಬಾಗಿಲಿಗೆ ಹೋಗುವ ದಾರಿಯಲ್ಲಿ, ಕೆಳಗೆ ಇಳಿದು ಕೆಂಪು ಕೀಲಿಯನ್ನು ಕರಕ್ ಅಂತ ತಿರುಗಿಸಿ, ಬಾಗಿಲು ತೆರೆಯಿತು. ಅಪ್ಪನ ಕಣ್ಣು ರಸ್ತೆಯ ಮೇಲೇ ಇತ್ತು.

“ಅಪ್ಪಾ!”

“ಏನೋ? ಯಾಕ್ ಹಾಗೆ ಕಿರುಚ್ತೀಯ?”

“ಈಗ ಏನ್ ಮಾಡ್ದೆ?”

“ಏನ್ ಮಾಡ್ದೆ? ಇಳಿದೆ.”

“ಇಳಿಯೋಕೆ ಮುಂಚೆ?”

“ಹ್ಯಾಂಡ್‌ಬ್ರೇಕ್ ಎಳೆದೆ.”

“ಅದಾದ್ಮೇಲೆ?”

“ಅದಾದ್ಮೇಲೆ ಏನಿದೆ? ಬಾಗಿಲು ತೆಗೆದೆ. ಏನು, ಪರೀಕ್ಷೆ ಮಾಡ್ತಿದ್ದೀಯಾ?”

ಕೀಲಿಯ ಕಡೆ ಬೆರಳು ತೋರಿಸಿದೆ. ಅಪ್ಪ ಬಗ್ಗಿ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ, ಯಾರದೋ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಬಿಟ್ಟಿದ್ದಾರೆ ಅನ್ನುವ ಹಾಗೆ.

ಡಿಪೋದ ಕಟ್ಟಳೆ ಅದು. ಇಳಿಯುವ ಮೊದಲು ಡ್ರೈವರು ಕೀಲಿ ತಿರುಗಿಸಲೇಬೇಕು, ಮರೆತವನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದರು. ಹತ್ತುವಾಗ ಮರೆಯುವ ಮಾತೇ ಇಲ್ಲ, ಬಸ್ಸಿನಲ್ಲಿ ಆ ಕೀಲಿ ತಿರುಗಿಸದಿದ್ದರೆ ಇಂಜಿನ್ನು ಕೆಮ್ಮುವುದೂ ಇಲ್ಲ. ಆದರೆ ಈ ವ್ಯಾನಿನಲ್ಲಿ ಕೀಲಿ ಇರುವುದು ಎರಡು ಬ್ಯಾಟರಿಗಳ ನಡುವೆ. ಅದು ಆಫ್ ಇದ್ದರೂ ಮುಂದಿನ ಬ್ಯಾಟರಿಯಿಂದ ವ್ಯಾನು ಆರಾಮಾಗಿ ಸ್ಟಾರ್ಟ್ ಆಗುತ್ತದೆ, ನೆನಪಿಸುವವರು ಯಾರೂ ಇಲ್ಲ. ಇಡೀ ದಿನ ಅಪ್ಪ ಬ್ಯಾಟರಿ ತುಂಬಿಸಲೆಂದೇ ಊರು ಸುತ್ತಿದ್ದ, ಬೆಳಗಿನ ಮೊದಲ ಅಂಗಡಿಯಲ್ಲೇ ಅದರ ಬಾಯಿ ಮುಚ್ಚಿಬಿಟ್ಟು. ಇವತ್ತು ಭಾವ ಇದ್ದಬದ್ದದ್ದನ್ನೆಲ್ಲ ತಿರುಗಿಸುವಾಗ ಅದೂ ಆನ್ ಆಗಿರಬೇಕು, ಅದಕ್ಕೇ ಷೆಡ್ಡಿನಲ್ಲಿ ನನಗೆ ಎಲ್ಲವೂ ಸರಿಯಾಗಿ ಕಂಡದ್ದು.

ನನಗೆ ಅಳಬೇಕೋ ಅರಚಬೇಕೋ ತಿಳಿಯಲಿಲ್ಲ. ಅರಚಿದೆ. “ಬೆಳಗ್ಗೆ ಕೇಳಿದ್ರೆ ಮುಟ್ಟೇ ಇಲ್ಲ ಅಂದೆಯಲ್ಲ! ಅಂಗಳ ತುಂಬ ಜನ ಇಟ್ಕೊಂಡು ಆ ಮನುಷ್ಯ ನನ್ನ ಮರ್ಯಾದೆ ತೆಗೆದ. ನೀನು ಮೆಟ್ಟಿಲ ಮೇಲೆ ಕೂತು ಕೇಳಿಸ್ಕೊಂಡೆ. ಇಡೀ ವ್ಯಾನು ಬಿಚ್ಚಿ ಹಾಕಿದ್ದೀನಿ ನಾನು!”

“ಮುಟ್ಟಿದ್ದು ಗೊತ್ತಿದ್ರೆ ಹೇಳ್ತಿರ್ಲಿಲ್ವೇನೋ?” ಎಂದ ಅಪ್ಪ. ದನಿ ಏರಲಿಲ್ಲ. ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಔಷಧಿ ಅಂಗಡಿಯವನು ನಮ್ಮನ್ನೇ ನೋಡುತ್ತಿದ್ದ. “ಅಕ್ಕನಿಗೆ ಹೇಳ್ತೀಯಾ?”

“ಹೇಳ್ದೆ ಮತ್ತೆ? ಕಾರಣ ಬೇಕಂತೆ ಅವಳಿಗೆ.”

“ಹೇಳು. ಹೇಳೋದೇ ಸರಿ.” ಹತ್ತಿ ಕೂತ. ಸ್ಟಾರ್ಟ್ ಮಾಡುವ ಮೊದಲು ಬಗ್ಗಿ, ಕಣ್ಣಿಂದ ನೋಡಿ, ಕೀಲಿಯನ್ನು ಆನ್ ಮಾಡಿದ, ಕಲಿಯುವವನ ಹಾಗೆ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: “ಕೆರೆ ಹತ್ರ ಬೆಳಗಿನ ಜಾವ ಸಿಕ್ಕಾಪಟ್ಟೆ ಚಳಿ. ನನ್ನ ದಪ್ಪ ರಗ್ಗು ಅವ್ರೇ ತಗೊಂಡು ಹೋಗ್ಲಿ, ಮಕ್ಕಳಿಗೆ ಹೊದಿಸೋಕೆ ಆಗುತ್ತೆ.”

ನಾನು ಹಲ್ಲು ಕಚ್ಚಿಕೊಂಡು ಕೂತೆ. ಈ ಮನುಷ್ಯನಿಗೆ ಜಗಳವಾಡಲೂ ಬರುವುದಿಲ್ಲ. ‘ನೀನ್ಯಾಕೆ ಅಲ್ಲಿಟ್ಟೆ’ ಅಂತ ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಮಾತು ಬೈದು, ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಭಾವನ ಬಾಯಿ ಹೊಲಿದು ಕೂರಿಸುತ್ತಿದ್ದೆ. ಹೇಳಿದರೆ ಮುಂದೇನಾಗುತ್ತದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ನಲ್ಲಿ, ಗ್ಯಾಸು, ಈಗ ಕೀಲಿ. ತನ್ನ ಕೈ ಏನು ಮಾಡಿತು ಅಂತ ತನಗೇ ಗೊತ್ತಿಲ್ಲ ಅನ್ನುವವನನ್ನು ಅಕ್ಕ ಕೆರೆಗೆ ಕರೆದುಕೊಂಡು ಹೋಗುವುದು ಹಾಗಿರಲಿ, ಸ್ಟಿಯರಿಂಗ್ ಮುಟ್ಟಲೂ ಬಿಡುವುದಿಲ್ಲ. ಮರೆವಲ್ಲ ಅದು, ಮರೆಯಲಾರದ್ದು ಅಂತ ಯಾರಿಗೆ ಬಿಡಿಸಿ ಹೇಳಲಿ? ನನಗೆ ಅಷ್ಟು ಚೆಂದ ಮಾತಾಡಲು ಬಂದಿದ್ದರೆ ಬೆಳಗ್ಗೆ ಭಾವನಿಗೇ ನಾಲ್ಕು ಹೇಳುತ್ತಿರಲಿಲ್ಲವೇ?

ಷೆಡ್ಡಿಗೆ ಬಂದು ಕೀಲಿಗೆ ಬರುವ ಎರಡೂ ಕೇಬಲ್ ಬಿಚ್ಚಿ, ಒಂದಕ್ಕೊಂದು ನೇರ ಜೋಡಿಸಿ, ಮೇಲೆ ದಪ್ಪ ರಬ್ಬರ್ ತೋಳು ತೊಡಿಸಿ, ಬಿಗಿದೆ. ಬೆಂಕಿಯ ಭಯಕ್ಕೆ ಎರಡೂ ತುದಿಯಲ್ಲಿ ಫ್ಯೂಸ್ ಇದ್ದೇ ಇದೆ. ಕೀಲಿಯನ್ನು ಮಾತ್ರ ಇದ್ದಲ್ಲೇ ಬಿಟ್ಟೆ. ಅಪ್ಪ ಬಗ್ಗಿ ನೋಡುತ್ತಿದ್ದ.

“ಕಿತ್ತು ಹಾಕಲ್ವಾ?”

“ಇರ್ಲಿ. ಅದಕ್ಕೀಗ ಏನೂ ಸೇರಿಲ್ಲ. ಇಳಿಯುವಾಗ ಎಷ್ಟು ಸಲ ಬೇಕಾದ್ರೂ ತಿರುಗಿಸ್ಕೋ, ಹತ್ತುವಾಗಲೂ ತಿರುಗಿಸ್ಕೋ. ಏನೂ ಆಗಲ್ಲ.”

ಅಪ್ಪ ಕೈ ಚಾಚಿ ಒಂದು ಸಲ ತಿರುಗಿಸಿ ನೋಡಿದ. ಕರಕ್. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಅವನು ನಗಲಿಲ್ಲ, ನನ್ನ ಬೆನ್ನು ತಟ್ಟಲೂ ಇಲ್ಲ. “ಅಕ್ಕನಿಗೆ ನಾನೇ ಹೇಳ್ತೀನಿ,” ಎಂದ. “ನೀನು ಸುಮ್ನಿರು.” ಅದನ್ನು ಕೇಳಿ ನನಗೆ ಮತ್ತೆ ಸಿಟ್ಟು ಬಂತು. ಹಾಳಾಗಿ ಹೋಗಲಿ ಅಂತ ಭಾವನ ಡಿಸ್‌ಪ್ಲೇ ಮೀಟರನ್ನೂ ಡ್ಯಾಶ್‌ಬೋರ್ಡಿಗೆ ಕೂರಿಸಿದೆ. ಹಸಿರು ನಂಬರು ಹತ್ತಿತು. ಚೆನ್ನಾಗಿಯೇ ಕಾಣುತ್ತಿತ್ತು, ಏನು ಮಾಡುವುದು.

ಅಂಗಳಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಟೆಂಟು, ಮಡಚುವ ಕುರ್ಚಿ, ನೀರಿನ ಕ್ಯಾನು ಎಲ್ಲ ಮೆಟ್ಟಿಲ ಪಕ್ಕ ರಾಶಿ ಬಿದ್ದಿದ್ದವು. ಭಾವ ಪಟ್ಟಿ ಹಿಡಿದು ಎಣಿಸುತ್ತಿದ್ದ. ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ಕಾಂಪೌಂಡಿಗೆ ಬಂದು ಒರಗಿದ, ಅವನಿಗೆ ಇವತ್ತು ಹೊಲಿಗೆಯೇ ಇರಲಿಲ್ಲವೇನೋ. ಟೀಚರಮ್ಮನೂ ಬಂದಳು. ನಾನು ಬಾನೆಟ್ ಎತ್ತಿ ಅಕ್ಕನಿಗೆ ಮುಂದಿನದು, ಹಿಂದಿನದು, ಎಲ್ಲ ತೋರಿಸಿದೆ. ಇಂಜಿನ್ ಓಡುವಾಗ ನಂಬರು ಏರುವುದನ್ನೂ ತೋರಿಸಿದೆ.

“ನೋಡಿದ್ರಾ, ಮೀಟರ್ ಹಾಕಿದ!” ಎಂದು ಭಾವ ದರ್ಜಿಗೆ ಹೇಳಿದ.

ಅಕ್ಕ ನಂಬರು ನೋಡಲಿಲ್ಲ, ನನ್ನನ್ನು ನೋಡಿದಳು. “ಏನಾಗಿತ್ತು?”

ಅಪ್ಪ ಮುಂದೆ ಬಂದ. ಅಂಗಿಯ ಗುಂಡಿ ಹಾಕಿಕೊಂಡಿದ್ದ, ಸಾಹೇಬರ ಮುಂದೆ ನಿಲ್ಲುವವನ ಹಾಗೆ. “ಅದೇನಂದ್ರೆ ಅಮ್ಮಾ...”

“ನಟ್ಟು ಸಡಿಲ ಇತ್ತು,” ಅಂದೆ. “ಹಿಂದಿನ ಬ್ಯಾಟರಿದು. ನಾನೇ ಸರಿಯಾಗಿ ಬಿಗಿದಿರ್ಲಿಲ್ಲ. ಅಪ್ಪ ಓಡಿಸುವಾಗ ಅದುರಿ ಬಿಟ್ಕೊಂಡಿದೆ, ಚಾರ್ಜ್ ಆಗಿಲ್ಲ. ಈಗ ಬಿಗಿದಿದ್ದೀನಿ.”

ಆ ಮಾತು ಆಡುವಾಗ ನಾಲಿಗೆಗೆ ತುಕ್ಕು ತಾಗಿದ ಹಾಗಾಯಿತು. ಬೇರೆ ಯಾವ ಸುಳ್ಳಾದರೂ ಹೇಳಬಹುದಿತ್ತು: ಫ್ಯೂಸು, ರಿಲೇ, ಕಂಪನಿ ಮಾಲು. ಆದರೆ ಅಕ್ಕ ನಂಬಬೇಕು, ಮತ್ತೆ ಕೇಳಬಾರದು. ನಾನು ತಪ್ಪು ಮಾಡಿದೆ ಅಂದರೆ ಈ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

“ಅಷ್ಟೇನಾ?” ಎಂದಳು. ಬೆಳಗ್ಗಿನಿಂದ ಬಿಗಿಹಿಡಿದಿದ್ದ ಉಸಿರು ಅವಳ ಬಾಯಿಂದ ಹೊರಗೆ ಬಂತು. “ಒಂದು ನಟ್ಟಿಗೆ ಇಷ್ಟೆಲ್ಲಾನಾ! ಅಪ್ಪಾ, ನಿನ್ನ ಬಟ್ಟೆ ತೆಗೆದಿಡು. ರಗ್ಗೂ ಇಡು.”

“ಇಲ್ಲಮ್ಮ, ಕೇಳಿಲ್ಲಿ, ಅವನು ಸುಮ್ನೆ...” ಎಂದು ಅಪ್ಪ ಕೈ ಎತ್ತಿದ. ಬಾನೆಟ್ ದಢಾರನೆ ಬೀಳಿಸಿದೆ. ದರ್ಜಿ ಬೆಚ್ಚಿದ. ಅಪ್ಪನ ಮಾತು ಅದರಡಿಗೇ ಹೋಯಿತು. ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಆಗಲೇ ಮೆಟ್ಟಿಲು ಹತ್ತಿ ಮಕ್ಕಳನ್ನು ಕೂಗುತ್ತಿದ್ದಳು: “ತಾತ ಬರ್ತಾನಂತೆ ಕಣ್ರೋ!” ಒಳಗಿನಿಂದ ಕಿರುಚಾಟ ಬಂತು.

ಭಾವ ಪಟ್ಟಿ ಮಡಚಿ ಜೇಬಿಗೆ ಇಟ್ಟುಕೊಂಡ. ನಿಧಾನಕ್ಕೆ ಇಟ್ಟುಕೊಂಡ, ರುಚಿ ನೋಡುವವನ ಹಾಗೆ. “ಕೇಳಿದ್ರಲ್ಲ?” ಎಂದು ದರ್ಜಿಗೆ, ಟೀಚರಮ್ಮನಿಗೆ. “ನಟ್ಟು! ನಾನಿನ್ನೂ ಏನೋ ದೊಡ್ಡ ಸಮಸ್ಯೆ ಅಂದ್ಕೊಂಡೆ. ಪಾಪ, ವಿಡಿಯೋದಲ್ಲಿ ಗಡ್ಡದವನು ಮೊದಲನೇ ನಿಮಿಷದಲ್ಲೇ ಹೇಳಿದ್ದ, ಎಲ್ಲಕ್ಕಿಂತ ಮುಂಚೆ ನಟ್ಟು ನೋಡಿ ಅಂತ.” ನನ್ನ ಕಡೆ ತಿರುಗಿದ. ಈ ಸಲ ಮುಖಕ್ಕೆ ಮುಖ ಕೊಟ್ಟೇ ಮಾತಾಡಿದ. “ಅಲ್ಲಯ್ಯ, ಇದೇ ಕೆಲಸ ಮಾಡ್ಕೊಂಡು ಬದುಕ್ತೀಯಲ್ಲ, ನಾಳೆ ಯಾರಾದ್ರೂ ನಿನ್ನ ಹತ್ರ ಗಾಡಿ ಬಿಡ್ತಾರಾ? ಹೇಳು ನೋಡೋಣ. ಬಿಡ್ತಾರಾ?”

ಅಪ್ಪ ವ್ಯಾನಿನ ಚಕ್ರದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದ.

ನನ್ನ ಬಾಯಲ್ಲಿ ಉತ್ತರ ಇತ್ತು. ಒಂದಲ್ಲ, ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಖಾರ. ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದೆ, ಚೀಲ ಹೆಗಲಿಗೆ ಹಾಕಿದೆ, ಗೇಟಿಗೆ ಒರಗಿದ್ದ ಟೀಚರಮ್ಮ ದಾರಿ ಬಿಡಲಿ ಅಂತ ಒಂದು ಕ್ಷಣ ನಿಂತೆ. ಅವಳು ಸರಿದಳು. “ಏ, ನಿನ್ನನ್ನೇ ಕೇಳಿದ್ದು!” ಎಂದು ಭಾವ ಹಿಂದಿನಿಂದ ಕೂಗಿದ. ನಾನು ಬೀದಿಗೆ ಇಳಿದು ಷೆಡ್ಡಿನ ಕಡೆ ನಡೆದೆ.